ಗ್ರಾಹಕರಿಗೆ ಹೋಸ್ಟಿಂಗ್ ಅನ್ನು ನಾವೇ ಮಾರುವುದು ಸರಿಯೇ? ವೆಬ್ ವಿನ್ಯಾಸಕಾರರ ಅಭಿಪ್ರಾಯ ಬೇಕಾಗಿದೆ

ಹುಬ್ಬಳ್ಳಿ_ವಿನ್ಯಾಸ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ-ಧಾರವಾಡದ ಸಣ್ಣ ವ್ಯಾಪಾರಿಗಳಿಗೆ, ಕೋಚಿಂಗ್ ಕೇಂದ್ರಗಳಿಗೆ ಮತ್ತು ಒಂದೆರಡು ಪತ್ತಿನ ಸಹಕಾರ ಸಂಘಗಳಿಗೆ ನಾನು ಜಾಲತಾಣಗಳನ್ನು ಮಾಡಿಕೊಡುತ್ತೇನೆ. ಹೆಚ್ಚಿನವು ವರ್ಡ್‌ಪ್ರೆಸ್ ತಾಣಗಳು. ಡೊಮೈನ್ (ತಾಣದ ಹೆಸರು) ಮತ್ತು ಹೋಸ್ಟಿಂಗ್ (ತಾಣವನ್ನು ಇರಿಸುವ ಸರ್ವರ್ ಜಾಗ) ಎರಡನ್ನೂ ಗ್ರಾಹಕರೇ ಕೊಳ್ಳಲಿ ಎಂದು ಇದುವರೆಗೆ ಹೇಳುತ್ತ ಬಂದಿದ್ದೇನೆ. ಆದರೆ ನವೀಕರಣದ ಹೊತ್ತಿಗೆ ಪ್ರತಿ ಸಲವೂ ತೊಡಕಾಗುತ್ತದೆ. ಮರುಕಳಿಸುವ ಕಾರ್ಡ್ ಪಾವತಿಗಳ ಬಗ್ಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮಗಳು 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ, ವಿದೇಶಿ ಕಂಪನಿಗಳಲ್ಲಿ ಖಾತೆ ತೆರೆದಿರುವ ನನ್ನ ಗ್ರಾಹಕರ ಸ್ವಯಂ ನವೀಕರಣ ಹಲವು ಸಲ ಅರ್ಧಕ್ಕೇ ನಿಂತುಬಿಡುತ್ತದೆ. ಎಚ್ಚರಿಕೆಯ ಇಮೇಲ್ ಯಾವುದೋ ಹಳೆಯ ವಿಳಾಸಕ್ಕೆ ಹೋಗಿರುತ್ತದೆ, ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ತಾಣ ನಿಂತ ಮೇಲೆ ಫೋನ್ ಬರುವುದು ಮಾತ್ರ ನನಗೇ.

ಆದ್ದರಿಂದ ಹೋಸ್ಟಿಂಗ್ ಕಂಪನಿಯಿಂದ ಸಗಟಾಗಿ ಜಾಗ ಪಡೆದು ಗ್ರಾಹಕರಿಗೆ ಹಂಚಿ ಮಾರುವ ರಿಸೆಲ್ಲರ್ ಖಾತೆಯೊಂದನ್ನು ತೆಗೆದುಕೊಂಡು ಎಲ್ಲರನ್ನೂ ಅದರಲ್ಲೇ ಇರಿಸಿ, ವರ್ಷಕ್ಕೊಮ್ಮೆ ನಾನೇ ಬಿಲ್ ಮಾಡಿದರೆ ಹೇಗೆ ಎಂಬ ಯೋಚನೆ ಬಂದಿದೆ. ಇದರಲ್ಲಿ ನಿಜಕ್ಕೂ ಲಾಭವಿದೆಯೇ? ಡೊಮೈನ್ ಮತ್ತು ಇಮೇಲ್ ಕೂಡ ನನ್ನಲ್ಲೇ ಇರಬೇಕೇ? ಕಾನೂನಿನ ದೃಷ್ಟಿಯಿಂದ ನನ್ನ ಮೇಲೆ ಯಾವ ಹೊಣೆ ಬೀಳುತ್ತದೆ? ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಮೈಸೂರು_ವೆಬ್

ನಾನು ಈ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಸರಿಯಾಗಿ ಮಾಡಿದರೆ ಒಳ್ಳೆಯ ಕೆಲಸವೆಂದೇ ಹೇಳುತ್ತೇನೆ. ಆದರೆ ಮೊದಲು ಲೆಕ್ಕ ಹಾಕಿ ನೋಡಿ. ರಿಸೆಲ್ಲರ್ ಯೋಜನೆಗೆ ವರ್ಷಕ್ಕೆ 18,000 ರೂಪಾಯಿ ಖರ್ಚಾಗುತ್ತದೆ, 15 ಗ್ರಾಹಕರಿಂದ ತಲಾ 3,000 ರೂಪಾಯಿ ಬರುತ್ತದೆ ಎಂದುಕೊಳ್ಳೋಣ. ಉಳಿಯುವುದು 27,000. ಪ್ರತಿ ಗ್ರಾಹಕರಿಗೆ ತಿಂಗಳಿಗೆ ಒಂದೇ ಒಂದು ಗಂಟೆ ಕೊಟ್ಟರೂ ವರ್ಷಕ್ಕೆ 180 ಗಂಟೆಗಳಾಗುತ್ತವೆ, ಅಂದರೆ ನಿಮ್ಮ ಒಂದು ಗಂಟೆಗೆ ಸಿಕ್ಕಿದ್ದು 150 ರೂಪಾಯಿ. ವಿನ್ಯಾಸದ ಕೆಲಸಕ್ಕೆ ನೀವು ಈ ದರ ಒಪ್ಪಿಕೊಳ್ಳುವುದಿಲ್ಲ ಎಂದು ನನಗೆ ಖಾತ್ರಿಯಿದೆ. ಹಾಗಾಗಿ ಡಿಸ್ಕ್ ಜಾಗವನ್ನು ಮಾರುವ ಯೋಚನೆಯನ್ನೇ ಬಿಟ್ಟು ನಿರ್ವಹಣೆಯನ್ನು ಮಾರಿ. ವರ್ಡ್‌ಪ್ರೆಸ್ ಮತ್ತು ಪ್ಲಗಿನ್‌ಗಳ (ಅದಕ್ಕೆ ಸೇರಿಸುವ ಹೆಚ್ಚುವರಿ ತಂತ್ರಾಂಶಗಳ) ಅಪ್‌ಡೇಟ್, ಬ್ಯಾಕಪ್, ಸಣ್ಣಪುಟ್ಟ ಬದಲಾವಣೆ, ತಾಣ ನಿಂತಾಗ ಫೋನ್ ಎತ್ತುವ ಮನುಷ್ಯ, ಇವೆಲ್ಲ ಸೇರಿದ ವಾರ್ಷಿಕ ಒಪ್ಪಂದದಲ್ಲಿ ಹೋಸ್ಟಿಂಗ್ ಒಂದು ಭಾಗವಾಗಿರಲಿ. ದೊಡ್ಡ ಕಂಪನಿಗಳು ಮೊದಲ ವರ್ಷಕ್ಕೆ ಕೊಡುವ ರಿಯಾಯಿತಿ ದರದ ಜೊತೆ ಬೆಲೆಯಲ್ಲಿ ಸ್ಪರ್ಧಿಸಲು ನಮ್ಮಂಥವರಿಗೆ ಎಂದಿಗೂ ಸಾಧ್ಯವಿಲ್ಲ.

ವ್ಯವಸ್ಥೆ ಹೇಗಿರುತ್ತದೆಂದರೆ, ಡಬ್ಲ್ಯೂಎಚ್‌ಎಂ ಎಂಬ ಮೇಲಿನ ಫಲಕ ನಿಮ್ಮ ಕೈಯಲ್ಲಿರುತ್ತದೆ. ಅದರಿಂದ ಪ್ರತಿ ಗ್ರಾಹಕರಿಗೂ ಬೇರೆ ಬೇರೆ ಸಿಪ್ಯಾನೆಲ್ (ತಾಣವನ್ನು ನಿರ್ವಹಿಸುವ ಫಲಕ) ಖಾತೆ ತೆರೆಯುತ್ತೀರಿ. ಇಲ್ಲಿ ಬೇರೆ ಬೇರೆ ಎಂಬುದೇ ಮುಖ್ಯ. ಒಂದೇ ಖಾತೆಯೊಳಗೆ ಹತ್ತು ತಾಣಗಳನ್ನು ಆಡ್‌ಆನ್ ಡೊಮೈನ್‌ಗಳಾಗಿ ತುಂಬಿದರೆ ಹಣ ಉಳಿಯುತ್ತದೆ, ನಿಜ. ಆದರೆ ಒಂದು ತಾಣದ ಹಳೆಯ ಪ್ಲಗಿನ್ ಮೂಲಕ ಒಳಬಂದವನಿಗೆ ಉಳಿದ ಒಂಬತ್ತು ತಾಣಗಳ ಕಡತಗಳೂ ತೆರೆದೇ ಇರುತ್ತವೆ.

2019ರ ಜೂನ್‌ನಲ್ಲಿ ಸಿಪ್ಯಾನೆಲ್ ಕಂಪನಿಯು ಸರ್ವರ್‌ಗೆ ಒಂದೇ ದರ ಎಂಬ ಪದ್ಧತಿಯನ್ನು ಕೈಬಿಟ್ಟು, ಖಾತೆಗಳ ಸಂಖ್ಯೆಗೆ ತಕ್ಕ ದರವನ್ನು ಪ್ರಕಟಿಸಿತು. ಅದುವರೆಗೆ ಮಿತಿಯಿಲ್ಲದ ಖಾತೆಗಳನ್ನು ಕೊಡುತ್ತಿದ್ದ ಹಲವು ರಿಸೆಲ್ಲರ್ ಯೋಜನೆಗಳು ಆಮೇಲೆ ಎಣಿಕೆಗೆ ಇಳಿದವು. ಬೆಲೆ ಅದರ ನಂತರವೂ ಏರಿದೆ. ನಿಮ್ಮ ಗ್ರಾಹಕರೊಂದಿಗೆ ಐದು ವರ್ಷದ ಸ್ಥಿರ ದರಕ್ಕೆ ಒಪ್ಪಿಕೊಳ್ಳಬೇಡಿ ಎನ್ನಲು ಇದೇ ಕಾರಣ.

ಸರ್ವರ್_ಪಾಳಿ

ನಾನು ಬೆಂಗಳೂರಿನಲ್ಲಿ ಸರ್ವರ್ ನಿರ್ವಹಣೆಯ ಕೆಲಸದಲ್ಲಿದ್ದೇನೆ. ಮೈಸೂರಿನವರ ಮಾತಿಗೆ ಕೆಲವು ತಾಂತ್ರಿಕ ವಿಷಯಗಳನ್ನು ಸೇರಿಸುತ್ತೇನೆ.

ಯೋಜನೆ ಕೊಳ್ಳುವ ಮೊದಲು ಡಿಸ್ಕ್ ಎಷ್ಟು ಜಿಬಿ ಎಂದು ಕೇಳುವುದರಿಂದ ಹೆಚ್ಚು ತಿಳಿಯುವುದಿಲ್ಲ. ಪ್ರತಿ ಸಿಪ್ಯಾನೆಲ್ ಖಾತೆಗೆ ಎಷ್ಟು ಪ್ರೊಸೆಸರ್, ಎಷ್ಟು ಮೆಮೊರಿ, ಏಕಕಾಲಕ್ಕೆ ಎಷ್ಟು ಪ್ರಕ್ರಿಯೆಗಳು, ಎಷ್ಟು ಐನೋಡ್‌ಗಳು (ಕಡತಗಳ ಸಂಖ್ಯೆಯ ಮಿತಿ), ಗಂಟೆಗೆ ಎಷ್ಟು ಇಮೇಲ್‌ಗಳು ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಕ್ಲೌಡ್‌ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಬಳಸುವ ಸರ್ವರ್‌ಗಳಲ್ಲಿ ಏಕಕಾಲದ ಪ್ರಕ್ರಿಯೆಗಳ ಮಿತಿ ಮೀರಿದಾಗ ತಾಣದಲ್ಲಿ 508 ಎಂಬ ದೋಷ ಕಾಣಿಸುತ್ತದೆ. ಫಲಿತಾಂಶದ ದಿನ ಕೋಚಿಂಗ್ ಕೇಂದ್ರದ ತಾಣಕ್ಕೆ ಜನ ಮುಗಿಬಿದ್ದಾಗ ಅದು ನಿಲ್ಲುವುದು ಇದರಿಂದಲೇ. ಡಿಸ್ಕಿನಲ್ಲಿ ಜಾಗ ಖಾಲಿಯೇ ಇರುತ್ತದೆ. 99.9 ಶೇಕಡಾ ಅಪ್‌ಟೈಮ್ ಎಂಬ ಭರವಸೆಯ ಅರ್ಥ, 30 ದಿನದ ತಿಂಗಳಲ್ಲಿ ಸುಮಾರು 43 ನಿಮಿಷ ತಾಣ ನಿಂತರೂ ಮಾತು ತಪ್ಪಿದಂತಾಗುವುದಿಲ್ಲ ಎಂದು. ನಿಮಗೆ ಮೇಲಿನವರು ಕೊಟ್ಟದ್ದಕ್ಕಿಂತ ದೊಡ್ಡ ಭರವಸೆಯನ್ನು ನೀವು ಗ್ರಾಹಕರಿಗೆ ಕೊಡಬಾರದು.

ಇಮೇಲ್ ವಿಷಯದಲ್ಲಿ ನನ್ನ ಅಭಿಪ್ರಾಯ ಕಟ್ಟುನಿಟ್ಟಾದದ್ದು: ರಿಸೆಲ್ಲರ್ ಖಾತೆಯಲ್ಲಿ ಗ್ರಾಹಕರ ಇಮೇಲ್ ಇರಿಸಬೇಡಿ. ಹಂಚಿಕೆಯ ಸರ್ವರ್‌ನಲ್ಲಿ ನೂರಾರು ಖಾತೆಗಳು ಒಂದೇ ಐಪಿ ವಿಳಾಸದಿಂದ ಪತ್ರ ಕಳಿಸುತ್ತವೆ. ನಿಮಗೆ ಪರಿಚಯವೇ ಇಲ್ಲದ ಯಾರದೋ ಸಂಪರ್ಕ ಫಾರ್ಮ್ ಮೂಲಕ ಸ್ಪ್ಯಾಮ್ ಹೊರಟರೂ ಆ ಐಪಿ ಕಪ್ಪುಪಟ್ಟಿಗೆ ಸೇರಿ, ನಿಮ್ಮ ಗ್ರಾಹಕರ ಕೊಟೇಶನ್ ಜಿಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮಗಳನ್ನು ಬಿಗಿ ಮಾಡಿವೆ. ಜಿಮೇಲ್‌ಗೆ ಪತ್ರ ಕಳಿಸುವ ಎಲ್ಲರಿಗೂ ಪತ್ರ ನಿಜವಾಗಿ ಆ ಡೊಮೈನ್‌ನದ್ದೇ ಎಂದು ದೃಢಪಡಿಸುವ ಎಸ್‌ಪಿಎಫ್ ಅಥವಾ ಡಿಕಿಮ್ ಇರಬೇಕು. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಅವೆರಡರ ಜೊತೆಗೆ, ದೃಢಪಡದ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ದಾಖಲೆಯೂ ಬೇಕು. ಗೂಗಲ್ ವರ್ಕ್‌ಸ್ಪೇಸ್, ಜೊಹೊ ಮೇಲ್‌ನಂಥ ಸೇವೆಯನ್ನು ಗ್ರಾಹಕರ ಹೆಸರಿನಲ್ಲೇ ತೆರೆಸಿ, ಡಿಎನ್‌ಎಸ್ ದಾಖಲೆಗಳನ್ನು (ಡೊಮೈನ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ನಮೂದುಗಳನ್ನು) ಸರಿಪಡಿಸಿಕೊಟ್ಟು ಆ ಕೆಲಸಕ್ಕೆ ಶುಲ್ಕ ಪಡೆಯಿರಿ.

ಬ್ಯಾಕಪ್ ಅಂತೂ ನಿಮ್ಮ ಹೋಸ್ಟಿಂಗ್ ಕಂಪನಿಯ ಹೊರಗೆ ಇರಲೇಬೇಕು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ದತ್ತಾಂಶ ಕೇಂದ್ರ ಪೂರ್ತಿಯಾಗಿ ಸುಟ್ಟುಹೋಯಿತು. ಜಾಲತಾಣಗಳ ಸಮೀಕ್ಷೆ ನಡೆಸುವ ನೆಟ್‌ಕ್ರಾಫ್ಟ್ ಕಂಪನಿಯ ಲೆಕ್ಕದ ಪ್ರಕಾರ ಸುಮಾರು 36 ಲಕ್ಷ ತಾಣಗಳು ಆ ದಿನ ನಿಂತವು. ತಾಣವೂ ಬ್ಯಾಕಪ್ಪೂ ಅದೇ ಆವರಣದಲ್ಲಿದ್ದವರಲ್ಲಿ ಅನೇಕರಿಗೆ ಏನೂ ಮರಳಿ ಸಿಗಲಿಲ್ಲ. ಪ್ರತಿದಿನದ ಪ್ರತಿಯನ್ನು ಬೇರೆ ಕಂಪನಿಯ, ಬೇರೆ ಊರಿನ ಸಂಗ್ರಹಕ್ಕೆ ಕಳಿಸಿ. ಅಷ್ಟೇ ಅಲ್ಲ, ಆಗಾಗ ಒಂದು ಪ್ರತಿಯನ್ನು ಖಾಲಿ ಖಾತೆಯಲ್ಲಿ ಮರುಸ್ಥಾಪಿಸಿ ತಾಣ ನಿಜವಾಗಿ ತೆರೆಯುತ್ತದೆಯೇ ಎಂದು ನೋಡಿ.

ಹುಬ್ಬಳ್ಳಿ_ವಿನ್ಯಾಸ

ತುಂಬ ಧನ್ಯವಾದಗಳು. ಹಾಗಿದ್ದರೆ ರಿಸೆಲ್ಲರ್ ಖಾತೆಯ ಬದಲು ಬೆಂಗಳೂರಿನಲ್ಲೋ ಮುಂಬೈನಲ್ಲೋ ಒಂದು ವಿಪಿಎಸ್ (ನಾವೇ ನಿರ್ವಹಿಸುವ ವರ್ಚುವಲ್ ಸರ್ವರ್) ತೆಗೆದುಕೊಂಡು, ಉಚಿತ ನಿಯಂತ್ರಣ ಫಲಕ ಹಾಕಿಕೊಂಡರೆ ಹಣವೂ ಉಳಿಯುತ್ತದೆ, ಮಿತಿಗಳೂ ನಮ್ಮ ಕೈಯಲ್ಲಿರುತ್ತವೆ ಅಲ್ಲವೇ?

ಸರ್ವರ್_ಪಾಳಿ

ಸರ್ವರ್ ನೋಡಿಕೊಳ್ಳುವುದು ನಿಮ್ಮ ವೃತ್ತಿಯಾಗಿದ್ದರೆ ಮಾತ್ರ. 2024ರ ಅಕ್ಟೋಬರ್‌ನಲ್ಲಿ ಸೈಬರ್‌ಪ್ಯಾನೆಲ್ ಎಂಬ ಫಲಕದಲ್ಲಿ ಗಂಭೀರ ದೋಷ ಪತ್ತೆಯಾಗಿ, ಅಂತರಜಾಲಕ್ಕೆ ತೆರೆದುಕೊಂಡಿದ್ದ ಸುಮಾರು 22,000 ಸ್ಥಾಪನೆಗಳು ರ‍್ಯಾನ್‌ಸಮ್‌ವೇರ್ ದಾಳಿಗೆ ಗುರಿಯಾದವು. ಅಂಥ ಸುದ್ದಿ ಬಂದ ಗಂಟೆಯಲ್ಲೇ ಸರ್ವರ್ ಮುಂದೆ ಕುಳಿತು ಅಪ್‌ಡೇಟ್ ಹಾಕುವ ಒಬ್ಬರು ಇರಬೇಕು. ಸೆಂಟ್‌ಓಎಸ್ 7 ಎಂಬ ಸರ್ವರ್ ಕಾರ್ಯಾಚರಣಾ ವ್ಯವಸ್ಥೆಯ ಬೆಂಬಲ 2024ರ ಜೂನ್ 30ಕ್ಕೆ ಮುಗಿದಾಗ ಎಷ್ಟೋ ಸರ್ವರ್‌ಗಳನ್ನು ಪೂರ್ತಿಯಾಗಿ ಹೊಸ ವ್ಯವಸ್ಥೆಗೆ ಸಾಗಿಸಬೇಕಾಯಿತು. ರಿಸೆಲ್ಲರ್ ಖಾತೆಗೆ ನೀವು ಕೊಡುವ ಹಣದಲ್ಲಿ ಇದನ್ನೆಲ್ಲ ಬೇರೊಬ್ಬರು ಮಾಡುತ್ತಾರೆ. ವಿನ್ಯಾಸವೇ ನಿಮ್ಮ ಮುಖ್ಯ ಕಸುಬಾಗಿದ್ದರೆ ಆ ಹಣವನ್ನು ಉಳಿಸಲು ಹೋಗಬೇಡಿ.

ಕರಾವಳಿ_ತಾಣ

ಮಂಗಳೂರಿನಿಂದ ಬರೆಯುತ್ತಿದ್ದೇನೆ. ಇಲ್ಲಿಯವರೆಗಿನ ಸಲಹೆಗಳನ್ನು ಗೌರವಿಸುತ್ತಲೇ ಮೂಲ ಪ್ರಶ್ನೆಗೆ ಬೇರೆ ಉತ್ತರ ಕೊಡಬಯಸುತ್ತೇನೆ. ನನ್ನ ಪ್ರಕಾರ ವಿನ್ಯಾಸಕಾರರು ಹೋಸ್ಟಿಂಗ್ ಮಾರಲೇಬಾರದು. ರಿಸೆಲ್ಲಿಂಗ್ ಎಂದರೆ ಬಾಡಿಗೆಗೆ ಪಡೆದ ಮನೆಯನ್ನು ಒಳಬಾಡಿಗೆಗೆ ಕೊಟ್ಟ ಹಾಗೆ. ಮೂಲ ಮಾಲೀಕ ಬಾಗಿಲು ಹಾಕಿದರೆ ಒಳಗಿದ್ದವರಿಗೆ ಉತ್ತರ ಹೇಳಬೇಕಾದವರು ನೀವು, ಆದರೆ ಬಾಗಿಲು ತೆರೆಸುವ ಅಧಿಕಾರ ನಿಮಗಿಲ್ಲ. ನಾನು ಗ್ರಾಹಕರ ಹೆಸರು, ಗ್ರಾಹಕರ ಇಮೇಲ್, ಗ್ರಾಹಕರ ಹಣದಿಂದಲೇ ಖಾತೆ ತೆರೆಸಿ, ನನಗೆ ನಿರ್ವಾಹಕ ಪ್ರವೇಶವನ್ನಷ್ಟೇ ಕೇಳುತ್ತೇನೆ. ನವೀಕರಣದ ದಿನಾಂಕಗಳನ್ನು ನನ್ನ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟುಕೊಂಡು, ಒಂದು ತಿಂಗಳು ಮೊದಲೇ ಫೋನ್ ಮಾಡಿ, ಅವರ ಪಕ್ಕದಲ್ಲೇ ಕುಳಿತು ಪಾವತಿ ಮಾಡಿಸುತ್ತೇನೆ. ಈ ಸೇವೆಗೆ ನಿರ್ವಹಣಾ ಶುಲ್ಕವಿದೆ. ಗ್ರಾಹಕರು ನನ್ನನ್ನು ಬಿಡಬೇಕೆಂದರೆ ನನ್ನ ಪ್ರವೇಶವನ್ನು ತೆಗೆದುಹಾಕಿದರೆ ಸಾಕು.

ಇದನ್ನು ಒಪ್ಪದವರೂ ಕನಿಷ್ಠ ಡೊಮೈನ್ ಅನ್ನಾದರೂ ಗ್ರಾಹಕರ ಹೆಸರಿನಲ್ಲೇ ಇಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಡೊಮೈನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ ಐಕ್ಯಾನ್‌ನ ನಿಯಮದಂತೆ ಡಾಟ್ ಕಾಮ್‌ನಂಥ ಹೆಸರುಗಳಿಗೆ ರಿಜಿಸ್ಟ್ರಾರ್‌ಗಳು (ಹೆಸರು ನೋಂದಾಯಿಸುವ ಕಂಪನಿಗಳು) ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮತ್ತು ಒಂದು ವಾರ ಮೊದಲು ಸೂಚನೆ ಕಳಿಸಬೇಕು. ಸೂಚನೆ ಹೋಗುವುದು ನೋಂದಣಿದಾರರ ವಿಳಾಸಕ್ಕೆ. ಆ ಜಾಗದಲ್ಲಿ ನಿಮ್ಮ ಇಮೇಲ್ ಇದ್ದರೆ ಗ್ರಾಹಕರಿಗೆ ತಮ್ಮ ಹೆಸರು ಕೈಜಾರುತ್ತಿರುವುದು ಗೊತ್ತೇ ಆಗುವುದಿಲ್ಲ.

ಮಲೆನಾಡು_ಹೋಂಸ್ಟೇ

ನಾನು ವಿನ್ಯಾಸಕಾರನಲ್ಲ, ಚಿಕ್ಕಮಗಳೂರು ಜಿಲ್ಲೆಯಲ್ಲಿ ಹೋಂಸ್ಟೇ ನಡೆಸುವವನು. ಗ್ರಾಹಕರ ಕಡೆಯ ಮಾತನ್ನೂ ಇಲ್ಲಿ ದಾಖಲಿಸುವುದು ಅಗತ್ಯ ಅನಿಸಿತು. ನಮ್ಮ ತಾಣ ಮಾಡಿಕೊಟ್ಟವರು ಡೊಮೈನ್, ಹೋಸ್ಟಿಂಗ್, ಇಮೇಲ್ ಎಲ್ಲವನ್ನೂ ತಮ್ಮ ಖಾತೆಯಲ್ಲೇ ಇರಿಸಿಕೊಂಡಿದ್ದರು. ಕೆಲ ಕಾಲ ಎಲ್ಲವೂ ಚೆನ್ನಾಗಿಯೇ ನಡೆಯಿತು. ಆಮೇಲೆ ಅವರು ಬೇರೆ ಉದ್ಯೋಗಕ್ಕೆ ಹೋದರು, ಫೋನ್ ತೆಗೆಯುವುದನ್ನು ನಿಲ್ಲಿಸಿದರು. ಹೆಸರಿನ ಅವಧಿ ಮುಗಿಯಿತು. ಮಳೆಗಾಲದ ಬುಕಿಂಗ್ ಶುರುವಾಗುವ ಹೊತ್ತಿಗೆ ನಮ್ಮ ವಿಳಾಸ ಬೇರೆ ಯಾರದೋ ಜಾಹೀರಾತು ಪುಟವಾಗಿತ್ತು. ರಿಜಿಸ್ಟ್ರಾರ್ ಕಂಪನಿಗೆ ಬರೆದೆವು. ದಾಖಲೆಯಲ್ಲಿ ನಮ್ಮ ಹೆಸರೇ ಇರದ ಕಾರಣ ಅವರಿಗೂ ಏನೂ ಮಾಡಲಾಗಲಿಲ್ಲ. ನಮ್ಮ ಕೊಠಡಿಗಳ ಫಲಕ, ಬಿಲ್ ಪುಸ್ತಕ, ರಸ್ತೆಬದಿಯ ಬೋರ್ಡು ಎಲ್ಲದರಲ್ಲೂ ಅಚ್ಚಾಗಿದ್ದ ಹೆಸರು ಅದು. ಆ ವ್ಯಕ್ತಿಗೆ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳುವುದಿಲ್ಲ, ಆದರೆ ನಷ್ಟ ಆದದ್ದು ನಮಗೆ. ನೀವು ಹೋಸ್ಟಿಂಗ್ ಮಾರಿ, ಬಿಡಿ, ಅದು ನಿಮ್ಮ ಆಯ್ಕೆ. ಹೆಸರನ್ನು ಮಾತ್ರ ನಮ್ಮ ಬಳಿಯೇ ಇರಲು ಬಿಡಿ.

ಮೈಸೂರು_ವೆಬ್

ಹೋಂಸ್ಟೇಯವರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನನ್ನ ಎಲ್ಲ ಗ್ರಾಹಕರ ಡೊಮೈನ್‌ಗಳೂ ಅವರವರ ಹೆಸರಿನಲ್ಲೇ ಇವೆ.

ಆದರೆ ಕರಾವಳಿಯವರ ಪದ್ಧತಿ ಎಲ್ಲರಿಗೂ ಹೊಂದುವುದಿಲ್ಲ. ಇಪ್ಪತ್ತು ಗ್ರಾಹಕರು ಇಪ್ಪತ್ತು ಕಂಪನಿಗಳಲ್ಲಿ ಇದ್ದರೆ ಪಿಎಚ್‌ಪಿ (ವರ್ಡ್‌ಪ್ರೆಸ್ ನಡೆಯುವ ಪ್ರೋಗ್ರಾಮಿಂಗ್ ಭಾಷೆ) ಆವೃತ್ತಿ ಬದಲಿಸುವುದರಿಂದ ಹಿಡಿದು ಬ್ಯಾಕಪ್‌ವರೆಗೆ ಪ್ರತಿಯೊಂದು ಕೆಲಸವನ್ನೂ ಇಪ್ಪತ್ತು ರೀತಿಯಲ್ಲಿ ಮಾಡಬೇಕಾಗುತ್ತದೆ. ಪಿಎಚ್‌ಪಿ 7.4ರ ಬೆಂಬಲ 2022ರ ನವೆಂಬರ್‌ನಲ್ಲಿ ಮುಗಿದಾಗ ನನ್ನ ರಿಸೆಲ್ಲರ್ ಖಾತೆಯಲ್ಲಿದ್ದ ತಾಣಗಳನ್ನು ಒಂದೇ ಫಲಕದಿಂದ ಪರೀಕ್ಷಿಸಿ ಬದಲಾಯಿಸಿದೆ. ಹೊರಗಿದ್ದವುಗಳಿಗೆ ಹಲವು ಪಟ್ಟು ಸಮಯ ಹಿಡಿಯಿತು. ಒಳಬಾಡಿಗೆಯ ಆತಂಕಕ್ಕೂ ಪರಿಹಾರವಿದೆ. ಸಿಪ್ಯಾನೆಲ್ ಖಾತೆಯ ಪೂರ್ಣ ಬ್ಯಾಕಪ್ ಕಡತವನ್ನು ಇನ್ನೊಂದು ಸಿಪ್ಯಾನೆಲ್ ಸರ್ವರ್‌ನಲ್ಲಿ ಹಾಗೆಯೇ ಮರುಸ್ಥಾಪಿಸಬಹುದು, ಡೈರೆಕ್ಟ್‌ಅಡ್ಮಿನ್ ಎಂಬ ಇನ್ನೊಂದು ಫಲಕ ಕೂಡ ಅದನ್ನು ಸ್ವೀಕರಿಸುತ್ತದೆ. ಆ ಕಡತ ನಿಮ್ಮ ಕೈಯಲ್ಲಿದ್ದು ಡೊಮೈನ್ ಗ್ರಾಹಕರ ಕೈಯಲ್ಲಿದ್ದರೆ, ಮೂಲ ಕಂಪನಿ ಬಾಗಿಲು ಹಾಕಿದ ದಿನವೇ ಬೇರೆಡೆ ತಾಣವನ್ನು ಎಬ್ಬಿಸಬಹುದು.

ಒಪ್ಪಂದದಲ್ಲಿ ನಾನು ತಪ್ಪದೇ ಬರೆಸುವುದು ಇಷ್ಟು. ಗ್ರಾಹಕರು ಕೇಳಿದ ಏಳು ದಿನಗಳಲ್ಲಿ ಕಡತಗಳು ಮತ್ತು ಡೇಟಾಬೇಸ್‌ನ ಪೂರ್ಣ ಪ್ರತಿಯನ್ನು ಶುಲ್ಕವಿಲ್ಲದೆ ಕೊಡಬೇಕು. ಬಾಕಿ ಹಣದ ತಕರಾರು ಇದ್ದರೂ ಡೊಮೈನ್ ತಡೆಹಿಡಿಯುವಂತಿಲ್ಲ. ನಾನು ಅನಾರೋಗ್ಯದಿಂದಲೋ ಬೇರೆ ಕಾರಣದಿಂದಲೋ ಸಿಗದಿದ್ದರೆ ಸಂಪರ್ಕಿಸಬೇಕಾದ ಸಹೋದ್ಯೋಗಿಯ ಹೆಸರನ್ನೂ ಅದರಲ್ಲಿ ಬರೆಯುತ್ತೇನೆ. ಒಬ್ಬರೇ ನಡೆಸುವ ಉದ್ಯಮದಲ್ಲಿ ಇದು ಅತ್ಯಗತ್ಯ, ಆದರೂ ಬಹುತೇಕರು ಬರೆಯುವುದಿಲ್ಲ.

ಡಿಎನ್‌ಎಸ್ ದಾಖಲೆಗಳನ್ನು ಇರಿಸುವ ನೇಮ್‌ಸರ್ವರ್ ವಿಚಾರದಲ್ಲಿ ಒಂದು ಎಚ್ಚರಿಕೆ. ನಿಮ್ಮದೇ ಡೊಮೈನ್‌ನಡಿ ನೇಮ್‌ಸರ್ವರ್ ಹೆಸರುಗಳನ್ನು ಇಟ್ಟುಕೊಂಡರೆ, ಕಂಪನಿ ಬದಲಿಸುವಾಗ ಐಪಿ ಒಂದನ್ನು ಬದಲಿಸಿದರೆ ಸಾಕು, ಗ್ರಾಹಕರು ಏನನ್ನೂ ಮುಟ್ಟಬೇಕಿಲ್ಲ. ಆದರೆ ಆ ಒಂದು ಡೊಮೈನ್‌ನ ನವೀಕರಣ ತಪ್ಪಿದರೆ ಎಲ್ಲ ಗ್ರಾಹಕರ ತಾಣಗಳೂ ಒಟ್ಟಿಗೆ ನಿಲ್ಲುತ್ತವೆ. ಸಾಧ್ಯವಾದಷ್ಟು ಹೆಚ್ಚು ವರ್ಷಗಳಿಗೆ ಅದನ್ನು ಮೊದಲೇ ನವೀಕರಿಸಿಡಿ.

ತೆರಿಗೆ_ಲೆಕ್ಕ

ತೆರಿಗೆ ಸಲಹೆಗಾರನಾಗಿ ಕೆಲವು ಮಾತುಗಳು. ಹೋಸ್ಟಿಂಗ್ ಸೇವೆ 998315 ಎಂಬ ಎಸ್‌ಎಸಿ (ಸೇವೆಗಳ ವರ್ಗೀಕರಣ) ಸಂಕೇತದಡಿ ಬರುತ್ತದೆ, ಜಿಎಸ್‌ಟಿ ದರ 18 ಶೇಕಡಾ. ಕರ್ನಾಟಕದಲ್ಲಿ ಸೇವೆಗಳನ್ನು ಒದಗಿಸುವವರಿಗೆ ವಾರ್ಷಿಕ ವಹಿವಾಟು 20 ಲಕ್ಷ ದಾಟಿದಾಗ ನೋಂದಣಿ ಕಡ್ಡಾಯ. ಹೋಸ್ಟಿಂಗ್ ಹಣ ನಿಮ್ಮ ಮೂಲಕ ಹರಿಯತೊಡಗಿದರೆ ಅದೂ ವಹಿವಾಟಿಗೆ ಸೇರುತ್ತದೆ. ನಿಮ್ಮ ಲಾಭವನ್ನಷ್ಟೇ ಲೆಕ್ಕ ಹಿಡಿಯುವಂತಿಲ್ಲ. ಮಿತಿಯ ಹತ್ತಿರ ಇರುವವರು ಇದನ್ನು ಮೊದಲೇ ಯೋಚಿಸಬೇಕು. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಹಣ ವಸೂಲು ಮಾಡುವಂತಿಲ್ಲ.

ಡೊಮೈನ್ ಶುಲ್ಕವನ್ನು ಗ್ರಾಹಕರ ಪರವಾಗಿ ಕಟ್ಟಿ, ಅಷ್ಟೇ ಮೊತ್ತವನ್ನು ಮರಳಿ ಪಡೆಯುವುದಾದರೆ ಸಿಜಿಎಸ್‌ಟಿ ನಿಯಮ 33ರ ‘ಪ್ಯೂರ್ ಏಜೆಂಟ್’ ಸೌಲಭ್ಯ (ಆ ಮೊತ್ತವನ್ನು ತೆರಿಗೆಯ ಮೌಲ್ಯದಿಂದ ಹೊರಗಿಡುವುದು) ಅನ್ವಯಿಸಬಹುದು. ಅದಕ್ಕೆ ಗ್ರಾಹಕರ ಅಧಿಕಾರಪತ್ರ ಇರಬೇಕು, ಆ ಮೊತ್ತವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಬೇಕು, ಒಂದು ರೂಪಾಯಿಯನ್ನೂ ಹೆಚ್ಚು ಸೇರಿಸಬಾರದು. ವಿದೇಶಿ ಕಂಪನಿಯಿಂದ ರಿಸೆಲ್ಲರ್ ಖಾತೆ ಕೊಳ್ಳುವ ನೋಂದಾಯಿತರು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ತಾವೇ ತೆರಿಗೆ ಕಟ್ಟಬೇಕಾಗುತ್ತದೆ. ನಿಮ್ಮ ಪರಿಸ್ಥಿತಿಗೆ ಯಾವುದು ಅನ್ವಯಿಸುತ್ತದೆ ಎಂಬುದನ್ನು ಲೆಕ್ಕಪರಿಶೋಧಕರಿಗೆ ಬಿಲ್ಲುಗಳನ್ನು ತೋರಿಸಿಯೇ ತೀರ್ಮಾನಿಸಿ.

ಕಾನೂನು_ಓದು

ಹೊಣೆಯ ಪ್ರಶ್ನೆಗೆ ಯಾರೂ ಉತ್ತರಿಸದ ಕಾರಣ ಬರೆಯುತ್ತಿದ್ದೇನೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 2(1)(ಡಬ್ಲ್ಯೂ) ‘ಮಧ್ಯವರ್ತಿ’ ಯಾರೆಂದು ಹೇಳುವಾಗ ವೆಬ್ ಹೋಸ್ಟಿಂಗ್ ಸೇವಾದಾರರನ್ನು ಹೆಸರಿಸಿಯೇ ಸೇರಿಸುತ್ತದೆ. ತಾಣವನ್ನು ವಿನ್ಯಾಸ ಮಾಡಿಕೊಟ್ಟು ಹೊರಬಂದವರ ಸ್ಥಾನ ಬೇರೆ, ಅದನ್ನು ತನ್ನ ಖಾತೆಯಲ್ಲಿ ಇರಿಸಿಕೊಂಡವರ ಸ್ಥಾನ ಬೇರೆ. ಗ್ರಾಹಕರು ಹಾಕಿದ ವಿಷಯಕ್ಕೆ ಮಧ್ಯವರ್ತಿಯನ್ನು ಹೊಣೆಯಿಂದ ಕಾಪಾಡುವ ಕಲಂ 79ರ ರಕ್ಷಣೆ ಸಿಗಬೇಕಾದರೆ ನಿಯಮಗಳು ಹೇಳಿದ ಎಚ್ಚರವನ್ನು ವಹಿಸಿರಬೇಕು. ನ್ಯಾಯಾಲಯದ ಅಥವಾ ಸರ್ಕಾರದ ಆದೇಶ ಬಂದಾಗ ನಿಗದಿತ ಗಂಟೆಗಳೊಳಗೆ ಕ್ರಮ ಕೈಗೊಳ್ಳಬೇಕು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸೆರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ತಾಣ ಹ್ಯಾಕ್ ಆಗುವಂಥ ಘಟನೆಗಳನ್ನು ಗೊತ್ತಾದ 6 ಗಂಟೆಗಳೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ (ಸರ್ವರ್ ಚಟುವಟಿಕೆಯ ದಾಖಲೆ) ಇರಿಸಿರಬೇಕು. ನಿಮ್ಮ ರಿಸೆಲ್ಲರ್ ಯೋಜನೆಯಲ್ಲಿ ಅಷ್ಟು ದಿನಗಳ ಲಾಗ್ ಸಿಗುತ್ತದೆಯೇ ಎಂದು ಕೇಳಿ ನೋಡಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೊಂದು ವಿಷಯ. ಕೋಚಿಂಗ್ ಕೇಂದ್ರದ ಫಾರ್ಮ್‌ನಲ್ಲಿ ವಿದ್ಯಾರ್ಥಿಗಳ ಹೆಸರು, ಫೋನ್ ಸಂಖ್ಯೆಗಳು ಸಂಗ್ರಹವಾಗುತ್ತವೆ. ಅವುಗಳ ಮುಖ್ಯ ಹೊಣೆ ಕೇಂದ್ರದ್ದೇ; ಅವರ ಪರವಾಗಿ ಅವನ್ನು ಇರಿಸಿಕೊಳ್ಳುವ ನೀವು ಡೇಟಾ ಪ್ರೊಸೆಸರ್ ಆಗುತ್ತೀರಿ, ಅದಕ್ಕೆ ಲಿಖಿತ ಒಪ್ಪಂದ ಇರುವುದು ಇಬ್ಬರಿಗೂ ಕ್ಷೇಮ. ಸುರಕ್ಷತಾ ಕ್ರಮಗಳ ವೈಫಲ್ಯಕ್ಕೆ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗಿನ ದಂಡಕ್ಕೆ ಅವಕಾಶವಿದೆ. ಹಳೆಯ ಫಾರ್ಮ್‌ಗಳ ದಾಖಲೆಗಳನ್ನು ಸರ್ವರ್‌ನಲ್ಲಿ ವರ್ಷಗಟ್ಟಲೆ ಉಳಿಸಿಕೊಳ್ಳದೆ ಅಳಿಸಿಹಾಕುವ ಅಭ್ಯಾಸ ಮಾಡಿಕೊಳ್ಳಿ.

ನಿಮ್ಮ ಸಹಕಾರ ಸಂಘಗಳಲ್ಲಿ ಯಾವುದಾದರೂ ಬ್ಯಾಂಕ್ ಪರವಾನಗಿ ಪಡೆದಿದ್ದರೆ, ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಆ ಹೆಸರುಗಳನ್ನು ರಿಸರ್ವ್ ಬ್ಯಾಂಕ್ ಸ್ಥಾಪಿಸಿದ ಐಡಿಆರ್‌ಬಿಟಿ ಸಂಸ್ಥೆ ಮಾತ್ರ ನೋಂದಾಯಿಸುತ್ತದೆ. ಅಂಥ ಗ್ರಾಹಕರನ್ನು ಸಾಮಾನ್ಯ ರಿಸೆಲ್ಲರ್ ಖಾತೆಗೆ ತರಲೇಬೇಡಿ.

ಹುಬ್ಬಳ್ಳಿ_ವಿನ್ಯಾಸ

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ನನ್ನ ತೀರ್ಮಾನ ಹೀಗಿದೆ. ಡೊಮೈನ್ ಮತ್ತು ಇಮೇಲ್ ಗ್ರಾಹಕರ ಹೆಸರಿನಲ್ಲೇ ಉಳಿಯುತ್ತವೆ. ಮಾಹಿತಿ ಪುಟಗಳಷ್ಟೇ ಇರುವ ಅಂಗಡಿಗಳ ತಾಣಗಳನ್ನು ಭಾರತೀಯ ಕಂಪನಿಯೊಂದರ ರಿಸೆಲ್ಲರ್ ಖಾತೆಗೆ, ಪ್ರತಿಯೊಬ್ಬರಿಗೂ ಬೇರೆ ಸಿಪ್ಯಾನೆಲ್ ಕೊಟ್ಟು, ನಿರ್ವಹಣಾ ಒಪ್ಪಂದದ ಭಾಗವಾಗಿ ತರುತ್ತೇನೆ. ಸಹಕಾರ ಸಂಘಗಳು ಮತ್ತು ವಿದ್ಯಾರ್ಥಿಗಳ ದಾಖಲೆ ಇರಿಸುವ ಕೋಚಿಂಗ್ ಕೇಂದ್ರಗಳಿಗೆ ಕರಾವಳಿಯವರು ಹೇಳಿದಂತೆ ಅವರದೇ ಖಾತೆ ತೆರೆಸುತ್ತೇನೆ.

ಒಂದು ಕೊನೆಯ ಪ್ರಶ್ನೆ. ಒಂದು ಹಳೆಯ ತಾಣವನ್ನು ಪರೀಕ್ಷೆಗಾಗಿ ಸಾಗಿಸಿದಾಗ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾದವು. ಪರಿಹಾರವಿದೆಯೇ?

ಸರ್ವರ್_ಪಾಳಿ

ಇದೆ. ಹಳೆಯ ಡೇಟಾಬೇಸ್‌ನ ಕೋಷ್ಟಕಗಳು ಲ್ಯಾಟಿನ್1 (ಇಂಗ್ಲಿಷಿನಂಥ ಭಾಷೆಗಳ ಹಳೆಯ ಅಕ್ಷರಸಂಕೇತ) ಎಂದು ಗುರುತಾಗಿದ್ದು, ಒಳಗಿರುವ ಬೈಟ್‌ಗಳು ಮಾತ್ರ ಯುಟಿಎಫ್-8 (ಯುನಿಕೋಡ್‌ನ ಅಕ್ಷರಸಂಕೇತ) ಆಗಿರುವ ಸಾಧ್ಯತೆ ಹೆಚ್ಚು. ರಫ್ತು ಮಾಡುವಾಗ ಅಕ್ಷರಸಂಕೇತವನ್ನು ಲ್ಯಾಟಿನ್1 ಎಂದೇ ಕೊಟ್ಟು, ಹೊರಬಂದ ಕಡತದಲ್ಲಿ ಆ ಹೆಸರನ್ನು ಯುಟಿಎಫ್8ಎಂಬಿ4 (ಡೇಟಾಬೇಸ್‌ನಲ್ಲಿ ಯುಟಿಎಫ್-8ರ ಹೆಸರು) ಎಂದು ತಿದ್ದಿ, ಹೊಸ ಡೇಟಾಬೇಸ್‌ಗೆ ಆಮದು ಮಾಡಿ. ಆಮದಿಗೆ ಮೊದಲು ಕಡತವನ್ನು ಯುಟಿಎಫ್-8 ಸಂಪಾದಕದಲ್ಲಿ ತೆರೆದು ಕನ್ನಡ ಸರಿಯಾಗಿ ಕಾಣುತ್ತದೆಯೇ ನೋಡಿ. ಅಲ್ಲಿಯೂ ಪ್ರಶ್ನಾರ್ಥಕ ಚಿಹ್ನೆಗಳೇ ಇದ್ದರೆ ಅಕ್ಷರಗಳು ರಫ್ತಿನಲ್ಲೇ ನಷ್ಟವಾಗಿವೆ, ಮೂಲದಿಂದ ಮತ್ತೆ ತೆಗೆಯಬೇಕು. ತುಂಬ ಹಳೆಯ ತಾಣವಾಗಿದ್ದು ಯುನಿಕೋಡ್‌ಗೆ ಮೊದಲಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದಿದ್ದರೆ ಪಠ್ಯವನ್ನೇ ಪರಿವರ್ತಕದ ಮೂಲಕ ಯುನಿಕೋಡ್‌ಗೆ ತರಬೇಕಾಗುತ್ತದೆ.

ಸಾಗಣೆಗೆ ಒಂದೆರಡು ದಿನ ಮೊದಲೇ ಡಿಎನ್‌ಎಸ್ ದಾಖಲೆಯ ಟಿಟಿಎಲ್ (ಇತರ ಸರ್ವರ್‌ಗಳು ಆ ದಾಖಲೆಯನ್ನು ನೆನಪಿಟ್ಟುಕೊಳ್ಳುವ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿಡಿ. ಏನಾದರೂ ತಪ್ಪಿದರೆ ಬೇಗ ಹಿಂದಿರುಗಬಹುದು. ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಗಳನ್ನು ಮುಟ್ಟಬೇಡಿ. ಎಲ್ಲ ಪುಟಗಳೂ ಎಲ್ಲ ಫಾರ್ಮ್‌ಗಳೂ ಹೊಸ ಜಾಗದಲ್ಲಿ ಸರಿಯಾಗಿ ನಡೆಯುತ್ತಿವೆ ಎಂದು ಗ್ರಾಹಕರೇ ಬರೆದು ತಿಳಿಸುವವರೆಗೆ ಹಳೆಯ ಹೋಸ್ಟಿಂಗ್ ಅನ್ನು ರದ್ದು ಮಾಡಬೇಡಿ.